ಆತ್ಮರಕ್ಷಣೆಯ ಪಿಸ್ತೂಲಿಗೆ ಯಾವ ಕ್ಯಾಲಿಬರ್: 9 ಮಿ.ಮೀ. ಸಾಕೇ, .45 ಬೇಕೇ?

ಹೊಸಗುರಿ

ಎಲ್ಲರಿಗೂ ನಮಸ್ಕಾರ. ಪರವಾನಗಿ ಕೈಸೇರಿದೆ, ಪ್ರಾಥಮಿಕ ತರಬೇತಿ ಮುಗಿದಿದೆ, ಬೀಗವಿರುವ ಉಕ್ಕಿನ ಪೆಟ್ಟಿಗೆಯನ್ನು ಗೋಡೆಗೆ ಬಿಗಿದೂ ಆಗಿದೆ. ಉಳಿದಿರುವುದು ಅದರೊಳಗೆ ಇಡಬೇಕಾದ ಪಿಸ್ತೂಲಿನ ಆಯ್ಕೆ ಮಾತ್ರ. ತರಬೇತಿಯ ವೇಳೆ ಹಿರಿಯರೊಬ್ಬರು 9 ಮಿ.ಮೀ. ಕ್ಯಾಲಿಬರ್ (ಗುಂಡಿನ ವ್ಯಾಸ) ಬಿಟ್ಟು ಬೇರೆಯದರ ಕಡೆ ನೋಡುವ ಅಗತ್ಯವೇ ಇಲ್ಲವೆಂದರು. ಅವರ ಪಕ್ಕದಲ್ಲೇ ಕುಳಿತಿದ್ದ ಮತ್ತೊಬ್ಬರು .45ರ (ಅಂದರೆ 0.45 ಇಂಚಿನ) ಒಂದು ಗುಂಡು ಮಾಡುವ ಕೆಲಸವನ್ನು 9ರ ಎರಡು ಸೇರಿದರೂ ಮಾಡಲಾರವು ಎಂದು ಅಷ್ಟೇ ಖಚಿತವಾಗಿ ಹೇಳಿದರು. ಇಬ್ಬರೂ ದಶಕಗಳ ಕಾಲ ಗುರಿ ಹೊಡೆದವರಾದ್ದರಿಂದ ಯಾರ ಮಾತನ್ನು ತಳ್ಳಿಹಾಕಬೇಕೆಂಬುದು ನನಗೆ ತಿಳಿಯದಾಗಿದೆ.

ಇನ್ನೊಂದು ಸಂಗತಿಯೂ ಇದೆ. ನನ್ನ ತಾಯಿಗೆ 68 ವರ್ಷ. ಅವರೂ ನನ್ನ ಜೊತೆಗೇ ತರಬೇತಿ ಪಡೆದಿದ್ದಾರೆ, ಅವರ ಹೆಸರಿನಲ್ಲೂ ಪರವಾನಗಿಯಿದೆ, ಆದರೆ ಎರಡೂ ಹೆಬ್ಬೆರಳುಗಳ ಬುಡದಲ್ಲಿ ಸಂಧಿವಾತವಿದೆ. ಒಂದೇ ಕ್ಯಾಲಿಬರ್ ಇಬ್ಬರಿಗೂ ಒದಗುವುದೇ, ಅಥವಾ ಬೇರೆಬೇರೆಯಾಗಿ ಯೋಚಿಸಬೇಕೇ? ಅನುಭವವುಳ್ಳವರು ಕಾರಣಗಳ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.

ಹಳೇಗುರಿಕಾರ

ನಿಮ್ಮ ಇಬ್ಬರು ಹಿರಿಯರ ಜಗಳ ನೂರು ವರ್ಷಕ್ಕೂ ಹಳೆಯದು. ಅದು ಹುಟ್ಟಿದ ಬಗೆಯನ್ನು ತಿಳಿದುಕೊಂಡರೆ ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ.

ಫಿಲಿಪ್ಪೀನ್ಸ್‌ನ ಮೊರೊ ಹೋರಾಟಗಾರರೆದುರು ತಮ್ಮ .38 ಲಾಂಗ್ ಕೋಲ್ಟ್ ರಿವಾಲ್ವರುಗಳು ಸಾಲುತ್ತಿಲ್ಲವೆಂದು ಅಮೆರಿಕದ ಸೈನಿಕರು ದೂರಿದ್ದರಿಂದ, 1904ರಲ್ಲಿ ಥಾಮ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಸೇನಾಧಿಕಾರಿಗಳು ಷಿಕಾಗೋದ ಕಸಾಯಿಖಾನೆಯ ದನಗಳ ಮೇಲೂ ಮನುಷ್ಯರ ಶವಗಳ ಮೇಲೂ ವಿವಿಧ ಗುಂಡುಗಳನ್ನು ಹಾರಿಸಿ ನೋಡಿ, ಸೇನೆಯ ಕೈಬಂದೂಕಿನ ಕ್ಯಾಲಿಬರ್ .45ಕ್ಕಿಂತ ಕಡಿಮೆಯಿರಬಾರದೆಂದು ವರದಿ ಕೊಟ್ಟರು. ಜಾನ್ ಬ್ರೌನಿಂಗ್ ರೂಪಿಸಿದ .45 ಎಸಿಪಿ ಕಾಡತೂಸನ್ನೂ ಅದನ್ನು ಹಾರಿಸುವ ಪಿಸ್ತೂಲನ್ನೂ ಸೇನೆ 1911ರಲ್ಲಿ ಒಪ್ಪಿಕೊಂಡಿತು. ಅದೇ ಕಾಲದಲ್ಲಿ ಯುರೋಪಿನಲ್ಲಿ ಗಿಯೋರ್ಗ್ ಲೂಗರ್ ಅವರ 9 ಮಿ.ಮೀ. ಪ್ಯಾರಬೆಲಮ್ ಬೇರೂರುತ್ತಿತ್ತು, ಜರ್ಮನಿಯ ನೌಕಾಪಡೆ ಅದನ್ನು 1904ರಲ್ಲಿ, ಭೂಸೇನೆ 1908ರಲ್ಲಿ ಸ್ವೀಕರಿಸಿದವು. ಎರಡು ಸೇನೆಗಳ ಎರಡು ರೂಢಿಗಳು ಮುಂದೆ ಎರಡು ಮತಗಳೇ ಆದವು.

ಮತ ಅಲುಗಾಡಿದ್ದು 1986ರ ಏಪ್ರಿಲ್ 11ರಂದು. ಮಯಾಮಿಯಲ್ಲಿ ಬ್ಯಾಂಕ್ ದರೋಡೆಕೋರರಿಬ್ಬರನ್ನು ಎಫ್‌ಬಿಐ ಅಧಿಕಾರಿಗಳು ಅಡ್ಡಗಟ್ಟಿದಾಗ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಅಧಿಕಾರಿಗಳು ಸತ್ತು ಐವರು ಗಾಯಗೊಂಡರು, ದರೋಡೆಕೋರರಿಬ್ಬರೂ ಸತ್ತರು. ಅವರಲ್ಲೊಬ್ಬನಿಗೆ ಆರಂಭದಲ್ಲೇ ತಗಲಿದ 9 ಮಿ.ಮೀ. ಗುಂಡು ಅವನ ತೋಳನ್ನು ತೂರಿ, ಎದೆಯೊಳಗೆ ಹೊಕ್ಕು, ಶ್ವಾಸಕೋಶವನ್ನು ಹರಿದು, ಹೃದಯಕ್ಕೆ ಸುಮಾರು ಒಂದು ಇಂಚು ದೂರದಲ್ಲಿ ನಿಂತುಬಿಟ್ಟಿತ್ತು. ಆ ಗಾಯದಿಂದ ಅವನು ಬದುಕುವ ಸಂಭವ ಕಡಿಮೆಯಿತ್ತಾದರೂ, ಅದು ತಗಲಿದ ಮೇಲೂ ಅವನು ಕೆಲವು ನಿಮಿಷ ಕಾದಾಡಿದ. ಆ ಬಳಿಕ ಎಫ್‌ಬಿಐ ಕ್ರಮಬದ್ಧ ಪರೀಕ್ಷೆಗಳನ್ನು ಆರಂಭಿಸಿ ಮೊದಲು 10 ಮಿ.ಮೀ.ಗೆ, ಅದರ ಒದೆತ ಅನೇಕರಿಗೆ ತಾಳದೆ ಹೋದದ್ದರಿಂದ 1990ರಲ್ಲಿ ಬಂದ .40 ಎಸ್ ಅಂಡ್ ಡಬ್ಲ್ಯೂಗೆ, ಕೊನೆಗೆ 2014ರ ಸುಮಾರಿಗೆ ತಿರುಗಿ 9 ಮಿ.ಮೀ.ಗೇ ಬಂದಿತು. ಊರೆಲ್ಲ ಸುತ್ತಿ ಮನೆಗೇ ಮರಳಿದಂತೆ ಕಾಣುತ್ತದೆ, ಆದರೆ ಹೊರಟಾಗಿನ ಗುಂಡು ಮರಳುವಾಗಿನ ಗುಂಡಾಗಿರಲಿಲ್ಲ.

ಬದಲಾದದ್ದು ಗುಂಡಿನ ರಚನೆ. ಅವರ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ: ಸ್ನಾಯುವಿನ ಸಾಂದ್ರತೆಗೆ ಹೊಂದುವಂತೆ ತಯಾರಿಸಿದ ಶೇ. 10ರ ಜಿಲೆಟಿನ್ ಗಟ್ಟಿಯೊಳಗೆ ಗುಂಡು 12ರಿಂದ 18 ಇಂಚು, ಅಂದರೆ ಸುಮಾರು 30ರಿಂದ 46 ಸೆಂ.ಮೀ. ಹೋಗಬೇಕು, ಬರಿಯ ಗಟ್ಟಿಯಲ್ಲಿ ಮಾತ್ರವಲ್ಲ, ಮುಂದೆ ದಪ್ಪ ಬಟ್ಟೆ, ಹಲಗೆ, ಕಾರಿನ ಗಾಜು ಇಟ್ಟಾಗಲೂ ಹೋಗಬೇಕು. ಮನುಷ್ಯನ ಎದೆ ಅಷ್ಟು ದಪ್ಪವಿಲ್ಲವಲ್ಲ ಎಂದು ಕೇಳುವವರಿಗೆ ಮಯಾಮಿಯ ಆ ತೋಳೇ ಉತ್ತರ. ಎದುರಿನವನು ನೇರವಾಗಿ ಎದೆಯೊಡ್ಡಿ ನಿಲ್ಲುವುದಿಲ್ಲ. ಓರೆಯಾಗಿರುತ್ತಾನೆ, ಕೈ ಅಡ್ಡವಿರುತ್ತದೆ. ಇಂದಿನ ಒಳ್ಳೆಯ ಹಾಲೋ ಪಾಯಿಂಟ್ ಗುಂಡುಗಳು (ಮೊನೆಯಲ್ಲಿ ಕುಳಿಯಿದ್ದು ದೇಹದೊಳಗೆ ಅರಳುವಂಥವು) 9, .40, .45 ಮೂರರಲ್ಲೂ ಈ ಅಳತೆಯನ್ನು ಮುಟ್ಟುತ್ತವೆ. ಹಾಗಿರುವಾಗ ಕ್ಯಾಲಿಬರಿನ ಪ್ರಶ್ನೆ ಕಾಡತೂಸಿನಿಂದ ಜಾರಿ ನಿಮ್ಮ ಕೈಗೆ ಬಂದು ನಿಲ್ಲುತ್ತದೆ: ಎರಡನೆಯ, ಮೂರನೆಯ ಗುಂಡನ್ನು ನೀವು ಎಷ್ಟು ಬೇಗ, ಎಷ್ಟು ಸರಿಯಾಗಿ ಹಾಕಬಲ್ಲಿರಿ?

ನಲವತ್ತೈದು

ಹಳೇಗುರಿಕಾರರ ಮೇಲೆ ಗೌರವವಿದೆ, ಆದರೂ .45ರ ಪರವಾಗಿ ಯಾರೂ ಮಾತಾಡದೆ ಈ ಚರ್ಚೆ ಮುಗಿಯಬಾರದು. ಹಾಲೋ ಪಾಯಿಂಟ್ ಎಂಬುದು ಒಂದು ಭರವಸೆ ಮಾತ್ರ. ಅದರ ಮೊನೆಯ ಕುಳಿಯಲ್ಲಿ ಬಟ್ಟೆಯ ಎಳೆಯೋ ಗೋಡೆಯ ಸುಣ್ಣದ ಪುಡಿಯೋ ತುಂಬಿಕೊಂಡರೆ ಅದು ಅರಳದೆ ಹಾಗೇ ಮುಂದೆ ಹೋಗುತ್ತದೆ. ಅರಳದ 9ರ ವ್ಯಾಸ 9.02 ಮಿ.ಮೀ., ಅರಳದ .45ರ ವ್ಯಾಸ 11.46 ಮಿ.ಮೀ.; ಅಡ್ಡಕೊಯ್ತದ ವಿಸ್ತೀರ್ಣ ಲೆಕ್ಕ ಹಾಕಿದರೆ .45ರದ್ದು ಸುಮಾರು ಶೇ. 60ರಷ್ಟು ಹೆಚ್ಚು. 9 ಅರಳಬಹುದು, .45 ಮಾತ್ರ ಎಂದೂ ಕುಗ್ಗುವುದಿಲ್ಲ.

ಇನ್ನು ಒದೆತದ ಮಾತು. .45ರ ಒಳಒತ್ತಡಕ್ಕೆ ನಿಗದಿಯಾದ ಮಿತಿ 21,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), 9ರದ್ದು 35,000. ತುಂಬು ಗಾತ್ರದ ಉಕ್ಕಿನ ಪಿಸ್ತೂಲಿನಲ್ಲಿ .45 ಭುಜ ಹಿಡಿದು ತಳ್ಳಿದಂತೆ ಇರುತ್ತದೆ, ಹಗುರವಾದ 9 ಬೆರಳಿಗೆ ಚಾಟಿಯೇಟಿನಂತೆ ಇರುತ್ತದೆ. ನನಗೆ ಇಂದಿಗೂ ಆ ತಳ್ಳುವಿಕೆಯೇ ಹಿತ.

ಲೋಹದಕಣ್ಣು

ನಲವತ್ತೈದು ಅವರು ಕೊಟ್ಟ ಅಂಕಿಗಳು ಸರಿಯಾಗಿವೆ. ಆದರೆ ವಿಸ್ತೀರ್ಣದ ಶೇ. 60 ಎನ್ನುವಾಗ ಕಣ್ಣಿಗೆ ಕಾಣುವ ಚಿತ್ರ ಒಂದು, ದೇಹದಲ್ಲಿ ಆಗುವುದು ಇನ್ನೊಂದು. ಎರಡೂ ಗುಂಡುಗಳನ್ನು ಒಂದೇ ಬಿಂದುವಿನ ಮೇಲೆ ಇಟ್ಟರೆ .45ರ ಅಂಚು 9ರ ಅಂಚನ್ನು ಪ್ರತಿ ಪಕ್ಕದಲ್ಲೂ 1.2 ಮಿ.ಮೀ. ಮಾತ್ರ ದಾಟುತ್ತದೆ. ದೊಡ್ಡ ರಕ್ತನಾಳವೊಂದು ಸರಿಯಾಗಿ ಆ 1.2 ಮಿ.ಮೀ. ಪಟ್ಟಿಯಲ್ಲಿಯೇ ಇದ್ದರೆ .45 ಗೆದ್ದಂತೆ, ಅದಕ್ಕೂ ಆಚೆ ಇದ್ದರೆ ಎರಡೂ ತಪ್ಪಿದವು, ಈಚೆ ಇದ್ದರೆ ಎರಡೂ ತಾಗಿದವು. ಹೆದರಿದ ಕೈಯ ಗುರಿ ಐದು ಮೀಟರಿನಲ್ಲಿ ಒಂದು ಗೇಣು ಆಚೀಚೆಯಾಗುವುದನ್ನು ನೆನೆದರೆ ಆ ಪಟ್ಟಿಯ ಬೆಲೆ ಎಷ್ಟೆಂದು ನೀವೇ ತೂಗಿ ನೋಡಬಹುದು.

ಒದೆತವನ್ನೂ ಲೆಕ್ಕದಲ್ಲೇ ನೋಡೋಣ. ಸಾಮಾನ್ಯ 9 ಮಿ.ಮೀ. ಗುಂಡಿನ ತೂಕ 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್; .45ರ ತೂಕ 14.9 ಗ್ರಾಂ, ವೇಗ ಸುಮಾರು 260 ಮೀಟರ್. ಚಲನಶಕ್ತಿ ಕ್ರಮವಾಗಿ 490 ಮತ್ತು 504 ಜೂಲ್, ಅಂದರೆ ಹೆಚ್ಚುಕಡಿಮೆ ಸಮ. ಆದರೆ ನಿಮ್ಮ ಕೈ ಅನುಭವಿಸುವುದು ಮುಖ್ಯವಾಗಿ ಸಂವೇಗವನ್ನು, ಅಂದರೆ ಕಿಲೋಗ್ರಾಂ ತೂಕವನ್ನು ವೇಗದಿಂದ ಗುಣಿಸಿದ್ದನ್ನು. ಅದು 9ರಲ್ಲಿ 2.8, .45ರಲ್ಲಿ 3.9, ಗುಂಡಿನ ಹಿಂದೆ ನುಗ್ಗಿಬರುವ ಮದ್ದಿನ ಅನಿಲದ ಪಾಲನ್ನು ಬಿಟ್ಟು ನೋಡಿದರೂ ಶೇ. 38ರಷ್ಟು ಹೆಚ್ಚು. ತಳ್ಳುವಿಕೆ ಹಿತವೆನಿಸಬಹುದು, ಆದರೆ ನಳಿಗೆ ಮೇಲೆದ್ದು ಮತ್ತೆ ಗುರಿಗೆ ಇಳಿಯಲು ತೆಗೆದುಕೊಳ್ಳುವ ಸಮಯ ಹಿತವನ್ನು ನೋಡಿ ಕಡಿಮೆಯಾಗುವುದಿಲ್ಲ.

'ನಿಲ್ಲಿಸುವ ಶಕ್ತಿ' ಎಂಬ ಮಾತಿನ ಬಗ್ಗೆಯೂ ಒಂದು ವಿಷಯ ಹೇಳಬೇಕು. ಗುಂಡು ತಗಲಿದವನು ಹಿಂದಕ್ಕೆ ಹಾರಿ ಬೀಳುವುದು ತೆರೆಯ ಮೇಲೆ ಮಾತ್ರ. ಹಾಗೆ ಬೀಳಿಸುವಷ್ಟು ಸಂವೇಗವಿದ್ದಿದ್ದರೆ ಹಾರಿಸಿದವನೂ ಬೀಳಬೇಕಿತ್ತು. ವೇಗವಾಗಿ ಹೋಗುವ ಗುಂಡಿನ ಸುತ್ತ ಅಂಗಾಂಶ ಕ್ಷಣಕಾಲ ಹಿಗ್ಗುತ್ತದೆ ನಿಜ, ಆದರೆ ಕೈಬಂದೂಕಿನ ವೇಗದಲ್ಲಿ ಬಹುತೇಕ ಅಂಗಾಂಶ ರಬ್ಬರಿನಂತೆ ಮತ್ತೆ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಗುಂಡು ಖುದ್ದಾಗಿ ಕೊರೆದ ದಾರಿ ಮಾತ್ರ. ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಜಿಲೆಟಿನ್ ಪರೀಕ್ಷೆಗಳ ಮೂಲಕ ಒತ್ತಿ ಹೇಳಿದ್ದು ಇದನ್ನೇ. ಎಫ್‌ಬಿಐ 1989ರಲ್ಲಿ ಪ್ರಕಟಿಸಿದ ಟಿಪ್ಪಣಿಯ ಪ್ರಕಾರ ಹೃದಯವೇ ನಾಶವಾದರೂ 10ರಿಂದ 15 ಸೆಕೆಂಡುಗಳ ಕಾಲ ಬೇಕಾದದ್ದನ್ನು ಮಾಡುವಷ್ಟು ಆಮ್ಲಜನಕ ಮಿದುಳಿನಲ್ಲಿ ಉಳಿದಿರುತ್ತದೆ. ಆ ಹದಿನೈದು ಸೆಕೆಂಡನ್ನು ಅಳಿಸಿಹಾಕುವ ಕ್ಯಾಲಿಬರ್ ಕೈಬಂದೂಕಿನಲ್ಲಿ ಇಲ್ಲ.

ಹಳೇಗುರಿಕಾರ

ಇದಕ್ಕೆ ಸೇರಿಸಬೇಕಾದ ಒಂದು ಅಂಕಿಯಿದೆ. 9ಕ್ಕೆ ಮರಳಿದಾಗ ಎಫ್‌ಬಿಐ ಕೊಟ್ಟ ಸಮರ್ಥನೆಯಲ್ಲಿ, ನಿಜವಾದ ಘಟನೆಗಳಲ್ಲಿ ತರಬೇತಿ ಪಡೆದ ಪೊಲೀಸರು ಹಾರಿಸಿದ ಗುಂಡುಗಳಲ್ಲಿಯೂ ಶೇ. 70ರಿಂದ 80 ಗುರಿ ತಪ್ಪುತ್ತವೆ ಎಂದಿತ್ತು. ಏಳು ಗುಂಡಿನ ಮ್ಯಾಗಜಿನಿಗೂ ಹದಿನೈದರ ಮ್ಯಾಗಜಿನಿಗೂ ಇರುವ ಅಂತರವನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಹಾಗೆಂದು ತಪ್ಪಿದ ಗುಂಡು ಮಾಯವಾಗುವುದಿಲ್ಲ. ಜಿಪ್ಸಮ್ ಹಲಗೆಯ ಒಳಗೋಡೆಯಂತೂ ಮೇಲೆ ಹೇಳಿದ ಯಾವ ಕ್ಯಾಲಿಬರನ್ನೂ ತಡೆಯದು. ಅಭ್ಯಾಸಕ್ಕೆ ಬಳಸುವ, ಪೂರ್ತಿ ಲೋಹದ ಹೊದಿಕೆಯಿದ್ದು ಅರಳದ ಫುಲ್ ಮೆಟಲ್ ಜಾಕೆಟ್ 9 ಮಿ.ಮೀ. ಜಿಲೆಟಿನ್‌ನಲ್ಲಿ 60 ಸೆಂ.ಮೀ. ದಾಟುತ್ತದೆಯಾದ್ದರಿಂದ, ಮನೆಯಲ್ಲಿ ಇನ್ನೊಂದು ಕೋಣೆಯಲ್ಲಿ ಮಲಗಿದವರಿರುವಾಗ ಅದನ್ನು ರಕ್ಷಣೆಗೆ ತುಂಬಿಡುವುದು ತಪ್ಪೆಂದೇ ನನ್ನ ಅಭಿಪ್ರಾಯ.

ನಿಮ್ಮ ದೇಶದ ಕಾನೂನು ಯಾವ ಕ್ಯಾಲಿಬರನ್ನು ನಾಗರಿಕರಿಗೆ ಕೊಡುತ್ತದೆ, ಹಾಲೋ ಪಾಯಿಂಟನ್ನು ಒಪ್ಪುತ್ತದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ. ಸೇನೆಯ ಕಾಡತೂಸು ನಾಗರಿಕರಿಗಿಲ್ಲ ಎಂಬ ಆಗಿನ ನಿಯಮದಿಂದಾಗಿಯೇ ಇಟಲಿಯಂಥ ಕಡೆಗಳಿಗೆಂದು 9×21 ಎಂಬ, ಸಾಮಾನ್ಯ 9ಕ್ಕಿಂತ ಕವಚ (ಮದ್ದು ತುಂಬಿದ ಲೋಹದ ಕೊಳವೆ) ಮಾತ್ರ 2 ಮಿ.ಮೀ. ಹೆಚ್ಚು ಉದ್ದವಾದ ಕಾಡತೂಸು ಹುಟ್ಟಿಕೊಂಡಿತು.

ಸವೆದಕೀಲು

ಹೊಸಗುರಿಯವರೇ, ನಿಮ್ಮ ತಾಯಿಯವರ ವಿಷಯ ಓದಿ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಕೈಗಳೂ ಹಾಗೆಯೇ ಇವೆ. ಕ್ಯಾಲಿಬರಿನ ಚರ್ಚೆಯಲ್ಲಿ ಒದೆತದ ಮಾತು ಬರುತ್ತದೆ, ಸ್ಲೈಡ್, ಅಂದರೆ ಗುಂಡು ತುಂಬಲು ಹಿಂದಕ್ಕೆ ಎಳೆಯಬೇಕಾದ ಪಿಸ್ತೂಲಿನ ಮೇಲ್ಭಾಗ, ಅದನ್ನು ಎಳೆಯುವ ಮಾತು ಬರುವುದೇ ಇಲ್ಲ. ನನ್ನ ಮಟ್ಟಿಗೆ ಮೊದಲ ಗೋಡೆ ಅದೇ ಆಗಿತ್ತು.

ಸಣ್ಣ ಕ್ಯಾಲಿಬರ್ ಎಂದರೆ ಸುಲಭವೆಂದು ನಂಬಿ .380ರ ಹಳೆಯ ಮಾದರಿಯ ಚಿಕ್ಕ ಪಿಸ್ತೂಲೊಂದನ್ನು ಕೊಂಡೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸ್ಲೈಡ್ ಹಿಡಿದು ಎಳೆದರೆ ಅದು ಅರ್ಧ ಇಂಚು ಬಂದು, ಬೆರಳಿನ ತುದಿಯ ಚರ್ಮವನ್ನು ಸುಲಿದು, ಮತ್ತೆ ಮುಂದಕ್ಕೆ ಓಡುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಆ ಬಗೆಯ ಪಿಸ್ತೂಲುಗಳಲ್ಲಿ ನಳಿಗೆಗೂ ಸ್ಲೈಡಿಗೂ ಕೊಂಡಿಯಿರುವುದಿಲ್ಲ. ಸ್ಫೋಟದ ಒತ್ತಡವನ್ನು ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ ಎರಡೇ ತಡೆಯಬೇಕಾದ್ದರಿಂದ ಸ್ಪ್ರಿಂಗು ಬಹಳ ಗಟ್ಟಿಯಾಗಿರುತ್ತದೆ. ಒದೆತವೂ ಚುರುಕು, ನನ್ನ ಕೈಗಂತೂ ಅದು ಮಧ್ಯಮ ಗಾತ್ರದ 9ಕ್ಕಿಂತ ಹೆಚ್ಚು ನೋಯಿಸಿತು. ಅದೇ .380 ಕಾಡತೂಸು, ನಳಿಗೆಯೂ ಸ್ಲೈಡೂ ಸ್ವಲ್ಪ ದೂರ ಕೊಂಡಿ ಹಾಕಿಕೊಂಡೇ ಹಿಂದೆ ಸರಿಯುವ ಮಾದರಿಯಲ್ಲಿ ಬೆಣ್ಣೆಯಂತೆ ನಡೆಯುತ್ತದೆ. ದುರ್ಬಲ ಕೈಗಳಿಗೆಂದೇ ಸ್ಮಿತ್ ಅಂಡ್ ವೆಸನ್ 2018ರಲ್ಲಿ ತಂದ ಶೀಲ್ಡ್ ಇಜಿ ಈ ಬಗೆಯದು. ನಿಮ್ಮ ತಾಯಿಯವರು ಕಾಡತೂಸಿನ ಹೆಸರು ನೋಡಿ ಕೊಳ್ಳದಿರಲಿ, ಸ್ಲೈಡನ್ನು ಹತ್ತು ಸಲ ಎಳೆದು ನೋಡಿ ಕೊಳ್ಳಲಿ. ಎರಡನೆಯ ಸಲ ಸಲೀಸಾಗಿ ಎಳೆದವರಿಗೂ ಎಂಟನೆಯ ಸಲ ಕೀಲು ಮಾತಾಡುತ್ತದೆ.

.380ರ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಅದರ ಶಕ್ತಿ ಸುಮಾರು 260 ಜೂಲ್, 9ರ ಅರ್ಧದಷ್ಟು. ಹಾಲೋ ಪಾಯಿಂಟ್ ಚೆನ್ನಾಗಿ ಅರಳಿದರೆ 30 ಸೆಂ.ಮೀ. ಮುಟ್ಟದೆ ನಿಲ್ಲುತ್ತದೆ, ಅರಳದಿದ್ದರೆ ಬೇಕಾದ್ದಕ್ಕಿಂತ ಆಳಕ್ಕೆ ಹೋಗುತ್ತದೆ. ಎರಡರ ನಡುವಿನ ಹದ ಕೆಲವೇ ಕಾಡತೂಸುಗಳಲ್ಲಿ ಸಿಗುತ್ತದೆ.

ಆರುಕೋಣೆ

ಸ್ಲೈಡೇ ತೊಂದರೆಯಾದರೆ ಸ್ಲೈಡೇ ಇಲ್ಲದ ರಿವಾಲ್ವರ್ ಇದೆಯಲ್ಲ ಎಂದು ಅನೇಕರು ಹೇಳುವುದುಂಟು. ರಿವಾಲ್ವರಿನ ಅಭಿಮಾನಿಯಾಗಿಯೂ ನಾನು ಎಚ್ಚರಿಕೆ ಹೇಳಬೇಕಾಗಿದೆ: ಅದರ ಟ್ರಿಗರ್ ಉದ್ದವಾಗಿ, ಭಾರವಾಗಿ ಬರುತ್ತದೆ, ಮತ್ತು ಸಂಧಿವಾತದ ಬೆರಳಿಗೆ ಐದು ಸಲ ಹಾಗೆ ಎಳೆಯುವುದು ಸ್ಲೈಡಿಗಿಂತ ಹಗುರವೇನಲ್ಲ. ಅರ್ಧ ಕಿಲೋಗಿಂತ ಹಗುರವಾದ ಪುಟ್ಟ ರಿವಾಲ್ವರುಗಳು ಜೇಬಿಗೆ ಹಿತ, ಕೈಗೆ ಶಿಕ್ಷೆ. ಅವುಗಳಲ್ಲಿ .357 ಮ್ಯಾಗ್ನಮ್ ಹಾರಿಸುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಮುಚ್ಚಿದ ಕೋಣೆಯೊಳಗೆ ಅದರ ಬೆಂಕಿಯ ಮಿಂಚೂ ಸದ್ದೂ ಹಾರಿಸಿದವರನ್ನೇ ಕ್ಷಣಕಾಲ ಕುರುಡು, ಕಿವುಡು ಮಾಡುತ್ತವೆ. ಕಿವಿಗೆ ತಕ್ಷಣವೇ ಹಾನಿಯಾಗುವ ಮಟ್ಟ 140 ಡೆಸಿಬೆಲ್ ಎನ್ನುತ್ತಾರೆ, ಕೈಬಂದೂಕುಗಳ ಸದ್ದು 160ರ ಆಸುಪಾಸಿನಲ್ಲಿರುತ್ತದೆ.

ಒಂದು ಅನುಕೂಲ ಮಾತ್ರ ನಿಜ: .357ರ ರಿವಾಲ್ವರಿನಲ್ಲಿ 1898ರಷ್ಟು ಹಳೆಯ .38 ಸ್ಪೆಷಲ್ ಕಾಡತೂಸನ್ನೂ ಹಾಕಬಹುದು, ಏಕೆಂದರೆ ಎರಡರ ಗುಂಡೂ ಒಂದೇ ವ್ಯಾಸದ್ದು, ಸುಮಾರು 9.07 ಮಿ.ಮೀ. '.38' ಎಂಬ ಹೆಸರು ಕವಚದ ದಪ್ಪದಿಂದ ಬಂದದ್ದೇ ಹೊರತು ಗುಂಡಿನದಲ್ಲ. .357ರ ಕವಚವನ್ನು 3 ಮಿ.ಮೀ.ಗೂ ತುಸು ಹೆಚ್ಚು ಉದ್ದ ಮಾಡಿರುವುದು ಅದು .38ರ ರಿವಾಲ್ವರಿನೊಳಗೆ ಹೋಗದಿರಲೆಂದೇ. ಭಾರವಾದ ಉಕ್ಕಿನ .357 ರಿವಾಲ್ವರಿನಲ್ಲಿ .38 ಹಾರಿಸಿದರೆ ಒದೆತ ಮೃದುವಾಗುತ್ತದೆ. ಚಿಕ್ಕ ನಳಿಗೆಯಲ್ಲಿ .38ರ ವೇಗ ಹಾಲೋ ಪಾಯಿಂಟ್ ಅರಳುವಷ್ಟು ಇರುವುದಿಲ್ಲವೆಂದು, ಕಾಗದದ ಗುರಿಗೆ ದುಂಡನೆಯ ತೂತು ಕೊರೆಯಲು ಮಾಡಿದ ಚಪ್ಪಟೆ ಮೊನೆಯ ವಾಡ್‌ಕಟ್ಟರ್ ಗುಂಡನ್ನೇ ಆತ್ಮರಕ್ಷಣೆಗೂ ಆರಿಸುವವರಿದ್ದಾರೆ. ಕೇಳಲು ವಿಚಿತ್ರ, ಆದರೆ ಅದರಲ್ಲಿ ತರ್ಕವಿದೆ.

ಹೊಸಗುರಿ

ಎಲ್ಲರಿಗೂ ಧನ್ಯವಾದ. ನಿಮ್ಮ ಮಾತುಗಳನ್ನು ತಲೆಯಲ್ಲಿಟ್ಟುಕೊಂಡು, ಬಾಡಿಗೆಗೆ ಪಿಸ್ತೂಲು ಕೊಡುವ ಶೂಟಿಂಗ್ ರೇಂಜಿನಲ್ಲಿ ತಾಯಿಯವರೊಂದಿಗೆ ಎರಡು ದಿನ ಕಳೆದೆ. ಐದು ಮೀಟರ್ ದೂರದಲ್ಲಿ ಎರಡು ಅಂಗೈ ಅಗಲದ ಕಾಗದದ ಗುರಿ, ಕೈಯಲ್ಲಿ ಟೈಮರ್, ಪ್ರತಿ ಸಲ ಐದು ಗುಂಡು, ಕ್ಯಾಲಿಬರಿಗೆ ಹತ್ತು ಸಲ. ಹೀಗೆ ನಿಯಮ ಹಾಕಿಕೊಂಡೆ.

ಮೊದಲು .45. ನಲವತ್ತೈದು ಅವರು ಹೇಳಿದ ತಳ್ಳುವಿಕೆ ನನಗೂ ಹಿಡಿಸಿತು, ಮತ್ತು ಎಲ್ಲ ಕ್ಯಾಲಿಬರುಗಳಲ್ಲಿ ನನ್ನ ಅತ್ಯುತ್ತಮ ಮೊದಲ ಗುಂಡು ಅದರದ್ದೇ. ಆದರೆ ಕಾಗದದ ಮೇಲೆ ನೋಡಿದರೆ ಮೊದಲನೆಯದು ನಡುವಿನಲ್ಲಿ, ಎರಡನೆಯದು ಮೇಲೆ, ಮೂರನೆಯದು ಮತ್ತೆ ಕೆಳಗೆ ಎಡಕ್ಕೆ. ಮುಂದಿನ ಒದೆತವನ್ನು ನೆನೆದು ನಾನೇ ಮಣಿಕಟ್ಟನ್ನು ಮುಂಚಿತವಾಗಿ ಕೆಳಗೆ ಒತ್ತುತ್ತಿದ್ದೆನೆಂದು ತರಬೇತುದಾರರು ತೋರಿಸಿದರು. ಅವರು ನನಗೆ ತಿಳಿಯದಂತೆ ನಡುವೆ ಒಂದು ಖಾಲಿ ಕಾಡತೂಸು ಸೇರಿಸಿದ್ದರು. ಅದರ ಸರದಿ ಬಂದಾಗ ಗುಂಡು ಹಾರದೆಯೇ ನಳಿಗೆ ಎರಡು ಇಂಚು ಕೆಳಗೆ ಕುಕ್ಕಿತು. ನಾಚಿಕೆಯಾಯಿತು. 9ರಲ್ಲಿ ಐದೂ ಗುಂಡು ಮೂರು ಸೆಕೆಂಡಿನೊಳಗೆ ಗುರಿಯಲ್ಲೇ ಬಿದ್ದದ್ದು ಹತ್ತರಲ್ಲಿ ಎಂಟು ಸಲ; .45ರಲ್ಲಿ ಮೂರೇ ಸಲ. ಅಭ್ಯಾಸದಿಂದ ಈ ಅಂತರ ಕಿರಿದಾಗಬಹುದು, ಆದರೆ ನಾನು ತಿಂಗಳಿಗೆ ಎಷ್ಟು ಸಲ ರೇಂಜಿಗೆ ಹೋಗುತ್ತೇನೆಂಬುದು ನನಗೇ ಗೊತ್ತು. ನನ್ನ ಆಯ್ಕೆ 9.

ತಾಯಿಯವರು 9ರ ಸ್ಲೈಡನ್ನು ನಾಲ್ಕು ಸಲ ಎಳೆದು ಐದನೆಯದಕ್ಕೆ ಮೇಜಿನ ಮೇಲಿಟ್ಟು, 'ಇದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ' ಎಂದರು. ಸವೆದಕೀಲು ಅವರು ಸೂಚಿಸಿದ ಬಗೆಯ .380ರಲ್ಲಿ, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ನೂಕುತ್ತಾ ಎಡ ಅಂಗೈಯಿಂದ ಸ್ಲೈಡನ್ನು ತಬ್ಬಿ ಹಿಡಿಯುವ ಕ್ರಮವನ್ನು ಕಲಿತು, ಹತ್ತು ಸಲವೂ ಎಳೆದರು. ಐದು ಗುಂಡಿಗೆ ಐದು ಸೆಕೆಂಡು ಬೇಕಾಯಿತು, ಆದರೆ ಗುರಿಯ ಹೊರಗೆ ಹೋದದ್ದು ಒಟ್ಟಾರೆ ನಾಲ್ಕೇ. ಬೆರಳಿನ ನೋವಿಲ್ಲದೆ ಮನೆಗೆ ಬಂದದ್ದೇ ಅವರಿಗೆ ದೊಡ್ಡ ಸಮಾಧಾನ.

ನಲವತ್ತೈದು

ಖಾಲಿ ಕಾಡತೂಸಿನ ಪರೀಕ್ಷೆಯಲ್ಲಿ ನಾನೂ ಒಮ್ಮೆ ಸಿಕ್ಕಿಬಿದ್ದವನೇ, ನಾಚಿಕೆ ಬೇಡ. ನಿಮ್ಮ ಕೈಗೆ 9 ಒಗ್ಗಿತೆಂದರೆ ನನ್ನ ತಕರಾರಿಲ್ಲ, ನನ್ನ .45 ನನಗಿರಲಿ.

ಲೋಹದಕಣ್ಣು

ಒಂದು ಮನೆಯಲ್ಲಿ 9 ಮತ್ತು .380 ಎರಡೂ ಇರುವುದಾದರೆ ಒಂದು ಅಪಾಯವನ್ನು ಈಗಲೇ ಗಮನಿಸಿ. .380ಕ್ಕೆ 9 ಮಿ.ಮೀ. ಶಾರ್ಟ್, 9 ಮಿ.ಮೀ. ಕುರ್ಟ್ಸ್, 9×17 ಎಂಬ ಹೆಸರುಗಳೂ ಇವೆ, ನಿಮ್ಮದು 9×19. ಎರಡರ ಗುಂಡಿನ ವ್ಯಾಸ ಒಂದೇ, ಕವಚದ ಉದ್ದದಲ್ಲಿ 2 ಮಿ.ಮೀ. ಮಾತ್ರ ವ್ಯತ್ಯಾಸ. ಮಬ್ಬು ಬೆಳಕಿನಲ್ಲಿ ಅಂಗೈಯಲ್ಲಿಟ್ಟರೆ ಯಾವುದು ಯಾವುದೆಂದು ತಿಳಿಯದು. ಅದಲುಬದಲಾಗಿ ತುಂಬಿದ ಕಾಡತೂಸು ನಳಿಗೆಯ ಹಿಂಬದಿಯ ಕೋಣೆಯಲ್ಲಿ ಸರಿಯಾಗಿ ಕೂರದೆ ಬೇಕಾದ ಹೊತ್ತಿನಲ್ಲೇ ಪಿಸ್ತೂಲನ್ನು ನಿಲ್ಲಿಸಬಹುದು. ಪೆಟ್ಟಿಗೆಗಳನ್ನು ಬೇರೆಬೇರೆ ಕಡೆ ಇಡಿ, ತುಂಬುವ ಮುನ್ನ ಕವಚದ ತಳದಲ್ಲಿ ಕೆತ್ತಿದ ಹೆಸರನ್ನು ಓದಿ. ಹಾಗೆಯೇ ಮನೆಯಲ್ಲಿ ತುಂಬಿಡಬೇಕೆಂದಿರುವ ಹಾಲೋ ಪಾಯಿಂಟನ್ನೇ, ಆಯಾ ಪಿಸ್ತೂಲಿನಲ್ಲೇ, ಇನ್ನೂರು ಸಲವಾದರೂ ಹಾರಿಸಿ ಸಿಕ್ಕಿಕೊಳ್ಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಸಡಿಲ ಹಿಡಿತದಲ್ಲಿ ಸ್ಲೈಡ್ ಪೂರ್ತಿ ಹಿಂದೆ ಸರಿಯದೆ ಅಡ್ಡಿಯಾಗುವುದುಂಟಾದ್ದರಿಂದ ತಾಯಿಯವರ ಪಿಸ್ತೂಲನ್ನು ತಾಯಿಯವರೇ ಹಾರಿಸಿ ನೋಡಬೇಕು, ನೀವಲ್ಲ.

ಹೊಸಗುರಿ

ಈ ಮಾತನ್ನು ತಾಯಿಯವರಿಗೆ ಓದಿ ಹೇಳಿದೆ. ಅವರು ಎದ್ದು ಹೋಗಿ ಹೊಲಿಗೆಯ ಡಬ್ಬಿಯಿಂದ ಕೆಂಪು ಪಟ್ಟಿ ತಂದು ತಮ್ಮ ಎರಡೂ ಮ್ಯಾಗಜಿನಿನ ತಳಕ್ಕೆ ಅಂಟಿಸಿ, .380ರ ಪೆಟ್ಟಿಗೆಯ ಮುಚ್ಚಳಕ್ಕೂ ಒಂದು ತುಂಡು ಹಚ್ಚಿದ್ದಾರೆ. ಇನ್ನೂರು ಗುಂಡಿನ ಪರೀಕ್ಷೆ ಮುಂದಿನ ಶನಿವಾರ ಆರಂಭ. ಕೀಲು ನೋಯದಿರಲೆಂದು ದಿನಕ್ಕೆ ಐವತ್ತರಂತೆ ನಾಲ್ಕು ದಿನಕ್ಕೆ ಹಂಚಿಕೊಂಡಿದ್ದೇವೆ.